ಇಲಿಯ ಮೂಗಿನಲ್ಲಿ ಗೆದ್ದ ಲಸಿಕೆ ನಮ್ಮ ಮೂಗಿನಲ್ಲಿ ಏಕೆ ಸೋತಿತು?

‘ಮೂಗಿಗೆ ಸ್ಪ್ರೇ ಮಾಡಿದರೆ ವೈರಸ್ ಮಾಯ, ಇಲಿಗಳಲ್ಲಿ ಯಶಸ್ಸು’ ಎಂಬಂಥ ಸುದ್ದಿ ಬಂದರೆ ಔಷಧಿ ಅಂಗಡಿಯಲ್ಲಿ ಒಬ್ಬರಾದರೂ ಕೇಳುತ್ತಾರೆ, “ಆ ಸ್ಪ್ರೇ ಬಂತಾ?” ಮನೆಯಲ್ಲಿ ಕೀಮೋ ಪಡೆಯುತ್ತಿರುವ ಅಮ್ಮನೋ ಡಯಾಲಿಸಿಸ್‌ನಲ್ಲಿರುವ ಅಪ್ಪನೋ ಇದ್ದರೆ ಆ ಆಸೆ ಸಹಜವೇ. ಹಾಗಾಗಿ ನಿಜವಾಗಿ ನಡೆದ ಒಂದು ಪ್ರಕರಣ ನೋಡಿ.

ಆಕ್ಸ್‌ಫರ್ಡ್-ಆಸ್ಟ್ರಾಜೆನೆಕಾ ಕೋವಿಡ್ ಲಸಿಕೆ ನಿಮಗೆ ಗೊತ್ತು, ನಮ್ಮಲ್ಲಿ ಅದೇ ಕೋವಿಶೀಲ್ಡ್. ಅದನ್ನು ಮೂಗಿಗೆ ಹಾಕಿದಾಗ ಹ್ಯಾಮ್‌ಸ್ಟರ್ ಎಂಬ ಇಲಿ ಜಾತಿಯ ಪ್ರಾಣಿಯಲ್ಲೂ ಕೋತಿಗಳಲ್ಲೂ ಮೂಗಿನಿಂದ ಹೊರಬೀಳುವ ವೈರಸ್ ಕಡಿಮೆಯಾಯಿತು. ಆದರೆ 2022ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಮನುಷ್ಯರ ಮೊದಲ ಹಂತದ ಪ್ರಯೋಗದಲ್ಲಿ 42 ಮಂದಿಯ ಪೈಕಿ ಕೆಲವರಿಗಷ್ಟೇ ಮೂಗಿನಲ್ಲಿ ಪ್ರತಿಕಾಯ ಕಾಣಿಸಿತು. ರಕ್ತದಲ್ಲೂ ಅದು ಚುಚ್ಚುಮದ್ದಿನಷ್ಟು ಬರಲಿಲ್ಲ.

ಪ್ರಯೋಗಾಲಯದ ಪುಟ್ಟ ಇಲಿ ಇಪ್ಪತ್ತು-ಇಪ್ಪತ್ತೈದು ಗ್ರಾಂ ತೂಗುತ್ತದೆ, ಉಸಿರಾಡುವುದು ಮೂಗಿನಿಂದ ಮಾತ್ರ. ಅರಿವಳಿಕೆ ಕೊಟ್ಟು ಮೂಗಿಗೆ 50 ಮೈಕ್ರೋಲೀಟರ್, ಅಂದರೆ ಒಂದು ಹನಿಯಷ್ಟು, ಬಿಟ್ಟರೆ ಹೆಚ್ಚಿನದು ಶ್ವಾಸಕೋಶಕ್ಕೇ ಇಳಿಯುತ್ತದೆ. ಹೆಸರು ಮೂಗಿನ ಲಸಿಕೆ, ತಲುಪಿದ್ದು ಎದೆಗೆ! ನೀವು ಸ್ಪ್ರೇ ಹಾಕಿಕೊಂಡರೆ ಒಂದಷ್ಟು ಗಂಟಲಿಗಿಳಿದು ಹೊಟ್ಟೆ ಸೇರುತ್ತದೆ. ಈ ಲಸಿಕೆಯೂ ಹಾಗೆ ನುಂಗಿಹೋಗಿ ನಾಶವಾಗಿರಬಹುದು ಎಂದು ಸಂಶೋಧಕರೇ ಹೇಳಿದರು.

ವೈರಸ್ಸಿಗೂ ಅದರದೇ ಹಟ ಇದೆ. 2020ರ ಕೊರೊನಾ ಮಾಮೂಲಿ ಇಲಿಯ ಜೀವಕೋಶಕ್ಕೆ ಅಂಟುತ್ತಲೇ ಇರಲಿಲ್ಲ. ಅದಕ್ಕೇ ಮನುಷ್ಯನ ಎಸಿಇ2 ಜೀನ್ ಸೇರಿಸಿದ ಇಲಿ ಅಥವಾ ಹ್ಯಾಮ್‌ಸ್ಟರ್ ಬೇಕಾಯಿತು. ನೆಗಡಿಯ ಬಹುಪಾಲು ರೈನೋವೈರಸ್‌ಗಳದ್ದೂ ಇದೇ ಕಥೆ.

ಇಲಿ ಪ್ರಯೋಗ ವ್ಯರ್ಥ ಎಂದು ಮಾತ್ರ ತಿಳಿಯಬೇಡಿ. ಹಸುಗೂಸುಗಳನ್ನು ಕಾಡುವ ಆರ್‌ಎಸ್‌ವಿಗೆ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಪಡೆದ ಪಾಲಿವಿಝುಮಾಬ್ ಚುಚ್ಚುಮದ್ದಿನ ಹಿಂದೆ ಕಾಟನ್ ರ‍್ಯಾಟ್ ಎಂಬ ಇಲಿಯ ಮೇಲಿನ ಕೆಲಸವಿದೆ. ರಕ್ತದಲ್ಲಿ ಎಷ್ಟು ಪ್ರತಿಕಾಯವಿದ್ದರೆ ಶ್ವಾಸಕೋಶ ಉಳಿಯುತ್ತದೆ ಎಂಬ ಲೆಕ್ಕ ಸಿಕ್ಕಿದ್ದು ಅದರಿಂದ. ಅಲ್ಲಿ ಪ್ರಶ್ನೆ ರಕ್ತದ್ದು, ಮೂಗಿನದಲ್ಲ.

2023ರ ಜನವರಿಯಲ್ಲಿ ಭಾರತ್ ಬಯೋಟೆಕ್ ಬಿಡುಗಡೆ ಮಾಡಿದ ಇನ್ಕೋವ್ಯಾಕ್ ಹನಿಯೂ ಶುರುವಾದದ್ದು ಇಲಿಗಳಿಂದಲೇ. ಅದರ ಮೂರನೇ ಹಂತದ ಪ್ರಯೋಗ ಸುರಕ್ಷತೆಯನ್ನೂ ಪ್ರತಿರೋಧ ಶಕ್ತಿಯನ್ನೂ ಅಳೆಯಿತು. ಅದರಿಂದ ಸೋಂಕು ಹರಡುವುದು ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ಆಧಾರ ಕೇಳಿ.

ಹೊಸ ಸ್ಪ್ರೇಗೆ ಕಾಯುತ್ತಾ ವೈದ್ಯರು ಹೇಳಿದ ಫ್ಲೂ ಚುಚ್ಚುಮದ್ದನ್ನು ಮುಂದೂಡಬೇಡಿ. ಮೂಗಿಗೆ ಹಾಕುವ ಫ್ಲೂ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಅದನ್ನು ಕೊಡುವುದಿಲ್ಲ. ಮನೆಯಲ್ಲಿ ಕೀಮೋ ನಡೆಯುತ್ತಿದೆ ಎಂಬುದನ್ನು ಅಂಗಡಿಯಲ್ಲೂ ಹೇಳಿ.