ಐವತ್ತೊಂದರಲ್ಲಿ ಪಿಎಚ್.ಡಿ. ಪಡೆದ ಧರ್ಮಭಗಿನಿ



ಕಳೆದ ತಿಂಗಳು ಒಂದು ಭಾನುವಾರ ಎರಡನೆಯ ಬಲಿಪೂಜೆ ಮುಗಿಸಿ ಪೂಜಾವಸ್ತ್ರ ಮಡಿಸಿಡುತ್ತಿದ್ದೆವು. ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಬಾಗಿಲಲ್ಲಿ ಬಂದು ನಿಂತರು. ಅವರ ಮಗಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಆರು ವರ್ಷದಿಂದ ಔಷಧಿ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದಾಳೆ. ಸಂಜೆಯ ಹೊತ್ತು ಡೇಟಾಬೇಸ್ ಪ್ರೋಗ್ರಾಮಿಂಗ್ ಕಲಿತುಕೊಂಡಿದ್ದಾಳೆ. ಈಗ ಪ್ರಯೋಗಾಲಯ ಬಿಟ್ಟು ಆ ವಿದ್ಯೆಯನ್ನೇ ಇತರರಿಗೆ ಕಲಿಸುವ ಕೆಲಸಕ್ಕೆ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. "ಓದಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ ಫಾದರ್! ನೀವಾದರೂ ಒಂದು ಮಾತು ಹೇಳಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆ ಓದಿಗಾಗಿ ಮನೆಯ ಒಡವೆ ಬ್ಯಾಂಕಿಗೆ ಹೋದದ್ದು ನಮಗೂ ಗೊತ್ತಿತ್ತು.

ನಾವು ತಟ್ಟನೆ ಏನನ್ನೂ ಹೇಳಲಿಲ್ಲ. ಅದಕ್ಕೆ ಕಾರಣವಿದೆ. ಗುರುದೀಕ್ಷೆಯಾದ ಹೊಸದರಲ್ಲಿ ಇಂಥದೇ ಪ್ರಶ್ನೆ ಹೊತ್ತು ಬಂದ ಒಬ್ಬ ಯುವಕನಿಗೆ, ನೇಗಿಲಿಗೆ ಕೈಯಿಟ್ಟವನು ಹಿಂದಿರುಗಿ ನೋಡಬಾರದೆಂಬ ಸುಸಂದೇಶದ ಮಾತನ್ನು ಎತ್ತಿ ಹೇಳಿ ಕಳುಹಿಸಿದ್ದೆವು. ಪ್ರಭು ಆ ಮಾತನ್ನು ತಮ್ಮನ್ನು ಹಿಂಬಾಲಿಸುವವರಿಗೆ ಹೇಳಿದರೇ ಹೊರತು ನೌಕರಿ ಬದಲಿಸುವವರಿಗಲ್ಲ. ಸೆಮಿನರಿಯಲ್ಲಿ ಅಷ್ಟು ವರ್ಷ ಬೈಬಲ್ ಓದಿ ಬಂದ ನಮಗೆ ಅದು ಆಗ ಹೊಳೆಯಲಿಲ್ಲ. ಆತ ನಮ್ಮ ಮಾತು ನಂಬಿ ಇದ್ದಲ್ಲೇ ಉಳಿದ. ಒಲ್ಲದ ಕೆಲಸದಲ್ಲಿ ಇಂದಿಗೂ ಇದ್ದಾನೆ. ಎದುರಾದಾಗ ನಮಸ್ಕಾರ ಮಾಡುತ್ತಾನೆ, ದೂರು ಹೇಳುವುದಿಲ್ಲ. ಅದೇ ನಮಗೆ ಹೆಚ್ಚು ಚುಚ್ಚುತ್ತದೆ.

ಆದ್ದರಿಂದ ಆ ತಾಯಿಗೆ, ಮುಂದಿನ ಭಾನುವಾರ ಮಗಳನ್ನೂ ಕರೆದುಕೊಂಡು ಬನ್ನಿ ಎಂದೆವು. ಅವರು ಬಂದಾಗ ನಾವು ಹೇಳಿದ್ದು ಅಮೆರಿಕದ ಒಬ್ಬ ಧರ್ಮಭಗಿನಿಯ ಕಥೆಯನ್ನು.

ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್ ಹುಟ್ಟಿದ್ದು 1913ರ ಡಿಸೆಂಬರ್ 17ರಂದು, ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. 1932ರಲ್ಲಿ 'ಸಿಸ್ಟರ್ಸ್ ಆಫ್ ಚಾರಿಟಿ ಆಫ್ ದಿ ಬ್ಲೆಸ್ಡ್ ವರ್ಜಿನ್ ಮೇರಿ' ಎಂಬ ಸಭೆಯನ್ನು ಸೇರಿದರು. 1940ರಲ್ಲಿ ವ್ರತ ಸ್ವೀಕರಿಸಿದರು. ಅದು ಶಾಲೆಗಳನ್ನು ನಡೆಸುವ ಸಭೆ. ಇವರೂ ಟೀಚರಾದರು. ಪಾಠ ಹೇಳುತ್ತಲೇ ಶಿಕಾಗೊದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ 1943ರಲ್ಲಿ ಗಣಿತದ ಪದವಿ, 1953ರಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆಗ ಅವರಿಗೆ ನಲವತ್ತು ತುಂಬುತ್ತಿತ್ತು. ನಮ್ಮ ಕಡೆಯ ಲೆಕ್ಕದಲ್ಲಾದರೆ ಓದು ಮುಗಿಯಿತು, ಇನ್ನು ನಿವೃತ್ತಿಯವರೆಗೆ ಅದೇ ಪಾಠ, ಅದೇ ಕರಿಹಲಗೆ.

ಆದರೆ ಅವರ ಓದು ಅಲ್ಲಿಗೆ ನಿಲ್ಲಲಿಲ್ಲ. ಕಂಪ್ಯೂಟರ್ ಎಂದರೆ ಒಂದು ಕೋಣೆಯನ್ನೇ ತುಂಬುವ ಯಂತ್ರವಾಗಿದ್ದ ಕಾಲ ಅದು. ಗಣಿತ ಬಲ್ಲ ಈ ಟೀಚರಿಗೆ ಅದರ ಮೇಲೆ ಮನಸ್ಸಾಯಿತು. ಮತ್ತೆ ವಿದ್ಯಾರ್ಥಿನಿಯಾಗಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಸೇರಿ, 1965ರ ಜೂನ್ 7ರಂದು ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು. ಅಮೆರಿಕದಲ್ಲಿ ಈ ವಿಷಯದಲ್ಲಿ ಕೊಟ್ಟ ಮೊದಲ ಡಾಕ್ಟರೇಟುಗಳಲ್ಲಿ ಅದೂ ಒಂದು. ಅದೇ ದಿನ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅರ್ವಿಂಗ್ ಟ್ಯಾಂಗ್ ಎಂಬವರಿಗೂ ಡಾಕ್ಟರೇಟ್ ಸಿಕ್ಕಿತು. ಯಾರು ಮೊದಲು ಎಂಬ ಚರ್ಚೆ ಪಂಡಿತರಿಗಿರಲಿ. ಮಹಿಳೆಯರಲ್ಲಂತೂ ಇವರೇ ಮೊದಲಿಗರು.

ಅವರ ಪ್ರಬಂಧದ ವಿಷಯ ಇಂದಿನವರಿಗೂ ಹೊಸದೆನಿಸೀತು. ಯಂತ್ರಕ್ಕೆ ಕೆಲವು ಉದಾಹರಣೆಗಳನ್ನು ಕೊಟ್ಟರೆ, ಅವುಗಳ ಹಿಂದಿರುವ ನಿಯಮವನ್ನು ಅದು ತಾನೇ ಕಂಡುಕೊಳ್ಳಬಲ್ಲದೇ? ಗಣಿತದ ಲೆಕ್ಕಗಳನ್ನೇ ಉದಾಹರಣೆಯಾಗಿಟ್ಟು, ಫೋರ್ಟ್ರಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಅವರು ಇದನ್ನು ಪರೀಕ್ಷಿಸಿದರು. ನಾಲ್ಕು ಲೆಕ್ಕ ಬಿಡಿಸಿ ತೋರಿಸಿ "ಐದನೆಯದನ್ನು ನೀನೇ ಮಾಡು" ಎನ್ನುವ ಟೀಚರ್ ಬಿಟ್ಟು ಇನ್ಯಾರಿಗೆ ಇಂಥ ಪ್ರಶ್ನೆ ಹೊಳೆದೀತು! (ಬೇಸಿಕ್ ಭಾಷೆಯನ್ನು ರಚಿಸಿದ್ದೂ ಇವರೇ ಎಂದು ಕೆಲವೆಡೆ ಬರೆಯುತ್ತಾರೆ. 1964ರ ಆ ಕೆಲಸದ ಶ್ರೇಯಸ್ಸು ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮೆನಿ, ಥಾಮಸ್ ಕರ್ಟ್ಜ್ ಮತ್ತು ಅವರ ವಿದ್ಯಾರ್ಥಿಗಳಿಗೆ ಸೇರಬೇಕು. ಸಿಸ್ಟರ್‌ಗೆ ಅವರದೇ ಗೌರವ ಸಾಕಷ್ಟಿದೆ, ಸಾಲದ ಗೌರವ ಬೇಡ.)

ಡಾಕ್ಟರೇಟ್ ಕೈಗೆ ಬಂದಾಗ ಅವರಿಗೆ ಐವತ್ತೊಂದು ವರ್ಷ. ಅದೇ ವರ್ಷ ಅಯೋವಾ ರಾಜ್ಯದ ಡ್ಯೂಬ್ಯೂಕ್‌ನಲ್ಲಿ ತಮ್ಮ ಸಭೆಯವರೇ ನಡೆಸುತ್ತಿದ್ದ ಕ್ಲಾರ್ಕ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗವನ್ನು ಆರಂಭಿಸಿದರು. ಆಗ ಅದು ಹೆಣ್ಣುಮಕ್ಕಳ ಸಣ್ಣ ಕಾಲೇಜು. ಮುಂದಿನ ಸುಮಾರು ಇಪ್ಪತ್ತು ವರ್ಷ ಆ ವಿಭಾಗವನ್ನು ಅವರೇ ನಡೆಸಿದರು. ನೌಕರಿಯಲ್ಲಿದ್ದ ತಾಯಂದಿರಿಗೆ, ಕೂಸನ್ನು ಎತ್ತಿಕೊಂಡೇ ತರಗತಿಗೆ ಬನ್ನಿ ಎನ್ನುತ್ತಿದ್ದರಂತೆ. ಇದನ್ನು ಓದಿದಾಗ ನಮಗೆ ಆ ಪಿಎಚ್.ಡಿ.ಗಿಂತ ಇದೇ ದೊಡ್ಡದಾಗಿ ಕಂಡಿತು. ಮ್ಯಾಟ್ರಿಕ್ಸ್ ಗಣಿತದ ಬಗ್ಗೆ ಅವರು ಬರೆದ ಪಾಠಗಳಲ್ಲಿ ಒಂದು, ಊಟದ ವ್ಯವಸ್ಥೆ ಮತ್ತು ಪೌಷ್ಟಿಕಾಂಶದ ಲೆಕ್ಕದ ಬಗ್ಗೆಯೇ ಇದೆ. ಅಡಿಗೆಮನೆಯ ಲೆಕ್ಕವನ್ನೂ ಅವರು ಕೀಳಾಗಿ ಕಾಣಲಿಲ್ಲ. ಜಗತ್ತಿನಲ್ಲಿ ಮಾಹಿತಿ ಪ್ರವಾಹದಂತೆ ಉಕ್ಕುತ್ತಿದೆ, ಬೇಕಾದವರ ಕೈಗೆ ಸಿಗದಿದ್ದರೆ ಅದರಿಂದ ಪ್ರಯೋಜನವಿಲ್ಲ ಎಂಬುದು ಅವರ ನಿಲುವಾಗಿತ್ತು. 1985ರ ಜನವರಿ 10ರಂದು ಪ್ರಭುವಿನಲ್ಲಿ ನಿದ್ರಿಸಿದರು. ಕ್ಲಾರ್ಕ್‌ನ ಕಂಪ್ಯೂಟರ್ ಕೇಂದ್ರಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಇದೇ ಸಂದರ್ಭದಲ್ಲಿ ಅದೇ 1913ರ ನವೆಂಬರಿನಲ್ಲಿ ಇಟಲಿಯಲ್ಲಿ ಹುಟ್ಟಿದ ಯೇಸುಸಭೆಯ ಗುರು ರೊಬೆರ್ತೊ ಬೂಸಾ ಅವರನ್ನೂ ನೆನೆಯಬೇಕು. ಅವರು ವಿಜ್ಞಾನಿಯಲ್ಲ, ತತ್ವಶಾಸ್ತ್ರ ಓದಿದವರು. ಸಂತ ಥಾಮಸ್ ಅಕ್ವಿನಾಸರ ಬರಹಗಳಲ್ಲಿ 'ಇನ್' ಎಂಬ ಒಂದು ಚಿಕ್ಕ ಲತೀನ್ ಪದ ಎಲ್ಲೆಲ್ಲಿ ಬರುತ್ತದೆಂದು ಹುಡುಕಲು ಹತ್ತು ಸಾವಿರ ಚೀಟಿಗಳನ್ನು ಕೈಯಲ್ಲಿ ಬರೆದವರು. 1949ರಲ್ಲಿ ಅಮೆರಿಕಕ್ಕೆ ಹೋಗಿ ಐಬಿಎಂ ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್ ಅವರ ನೆರವು ಬೇಡಿದರು. ಇಟಲಿಯ ಗಲ್ಲರಾತೆಯಲ್ಲಿ ಯುವತಿಯರಿಗೆ ತರಬೇತಿ ಕೊಟ್ಟು ಅಕ್ವಿನಾಸರ ಒಂದೊಂದು ಪದವನ್ನೂ ರಂಧ್ರದ ಕಾರ್ಡುಗಳಿಗೆ ಏರಿಸಿದರು. ಆ ಕೆಲಸ ಕೊನೆಗೆ 56 ಸಂಪುಟಗಳಾಯಿತು; 2005ರಲ್ಲಿ ಇಂಟರ್ನೆಟ್ಟಿಗೂ ಬಂತು. ಸಂಪುಟಗಳ ಮೇಲೆ ಫಾದರ್ ಬೂಸಾ ಹೆಸರಿದೆ. ಆ ಹೆಣ್ಣುಮಕ್ಕಳನ್ನು ವಿದ್ವಾಂಸರು ಹುಡುಕಿ ಮಾತನಾಡಿಸಿದ್ದು ತೀರಾ ಈಚೆಗೆ.

ನಾವು ಇಷ್ಟು ಹೇಳುವವರೆಗೆ ಸುಮ್ಮನಿದ್ದ ಮಗಳು ಆಮೇಲೆ ಬಾಯಿ ತೆರೆದಳು. "ಫಾದರ್, ಅಮ್ಮ ತಿಳಿದ ಹಾಗೆ ನಾನು ಏನನ್ನೂ ಬಿಟ್ಟು ಹೋಗುತ್ತಿಲ್ಲ" ಎಂದಳು. ಪ್ರಯೋಗಾಲಯದಲ್ಲಿ ಪ್ರತಿ ಸ್ಯಾಂಪಲ್ಲಿಗೂ ಒಂದು ಸಂಖ್ಯೆ ಇರುತ್ತದೆ. ಸಂಖ್ಯೆಯಿಲ್ಲದ ಬಾಟಲಿಯನ್ನು ಯಾರೂ ಮುಟ್ಟುವುದಿಲ್ಲ. ಪುಸ್ತಕದಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲ. ಕೆಳಗಿನ ಅಕ್ಷರ ಕಾಣುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ತಾರೀಕು ಹಾಕಬೇಕು. ಒಳ್ಳೆಯ ಡೇಟಾಬೇಸಿಗೂ ಬೇಕಾದದ್ದು ಇದೇ ಶಿಸ್ತು. ಕಂಪ್ಯೂಟರ್ ಮಾತ್ರ ಓದಿ ಬಂದವರಿಗೆ ಈ ಭಯ ಇರುವುದಿಲ್ಲ, ಅದನ್ನು ನಾನು ಕಲಿಸಬಲ್ಲೆ ಎಂಬುದು ಅವಳ ಮಾತು.

ನಮಗೆ ನಗು ಬಂತು. ಕಪಾಟಿನಿಂದ ಜ್ಞಾನಸ್ನಾನದ ರಿಜಿಸ್ಟರನ್ನು ತೆಗೆದು ಅವಳ ಮುಂದೆ ಇಟ್ಟೆವು. ಜ್ಞಾನಸ್ನಾನ, ವಿವಾಹಗಳನ್ನು ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲೇ ವಿಧಿಸಿತು. ನಾವೂ ಇದರಲ್ಲಿ ಏನನ್ನೂ ಅಳಿಸುವಂತಿಲ್ಲ. ಒಬ್ಬ ಹುಡುಗಿಗೆ ಇಲ್ಲಿ ಜ್ಞಾನಸ್ನಾನವಾಗಿ, ಬೇರೆ ಧರ್ಮಕೇಂದ್ರದಲ್ಲಿ ಮದುವೆಯಾದರೆ, ಅಲ್ಲಿನ ಗುರುಗಳು ನಮಗೆ ಪತ್ರ ಬರೆಯಬೇಕು. ನಾವು ಅವಳ ಜ್ಞಾನಸ್ನಾನದ ಸಾಲಿನ ಪಕ್ಕದಲ್ಲಿ ಅದನ್ನು ನಮೂದಿಸಬೇಕು. ದೃಢೀಕರಣ, ಗುರುದೀಕ್ಷೆ ಎಲ್ಲವೂ ಬಂದು ಸೇರುವುದು ಆ ಒಂದೇ ಸಾಲಿಗೆ. ಅವಳು ಪುಟ ತಿರುವುತ್ತಾ, "ಇದು ಡೇಟಾಬೇಸೇ ಅಲ್ಲವೇ ಫಾದರ್!" ಎಂದಳು. ಎಡ್ಗರ್ ಕಾಡ್ ಎಂಬ ಗಣಿತಜ್ಞರು 1970ರಲ್ಲಿ ಮಾಹಿತಿಯನ್ನು ಕೋಷ್ಟಕಗಳಲ್ಲಿಟ್ಟು, ಒಂದು ಕೀಲಿಯಿಂದ ಒಂದಕ್ಕೊಂದು ಜೋಡಿಸುವ ಕ್ರಮವನ್ನು ಪ್ರಕಟಿಸಿದರಂತೆ. ಇಂದಿನ ಬ್ಯಾಂಕು, ರೈಲು ಟಿಕೆಟು ಎಲ್ಲದರ ಹಿಂದೆ ಇರುವುದು ಹೆಚ್ಚಾಗಿ ಅದೇ.

ಗಡಿನಾಡಿನ ನಮ್ಮ ರಿಜಿಸ್ಟರುಗಳ ತೊಂದರೆಯನ್ನೂ ಅವಳು ಬೇಗ ಹಿಡಿದಳು. ಹಳೆಯ ಪುಟದಲ್ಲಿ ಲತೀನಿನ ಆಂತೋನಿಯುಸ್, ಕನ್ನಡದಲ್ಲಿ ಅಂತೋಣಪ್ಪ, ಗಡಿಯಾಚೆಯ ಪತ್ರದಲ್ಲಿ ಅಂತೋಣಿ, ಶಾಲೆಯ ಸರ್ಟಿಫಿಕೇಟಿನಲ್ಲಿ ಆಂಟನಿ. ನಾಲ್ವರೂ ಒಬ್ಬರೇ ಆಗಿರಬಹುದು, ಬೇರೆ ಬೇರೆಯೂ ಆಗಿರಬಹುದು. ಅದಕ್ಕೇ ಹೆಸರನ್ನು ಕೀಲಿಯಾಗಿಡಬಾರದು, ಸಂಖ್ಯೆಯನ್ನೇ ಇಡಬೇಕು ಎಂದಳು.

ಇಷ್ಟಾದರೂ ತಾಯಿಯ ಮುಖ ಸಡಿಲವಾಗಿರಲಿಲ್ಲ. "ಎಲ್ಲ ಸರಿ ಫಾದರ್. ಆ ಸಿಸ್ಟರ್‌ಗೆ ಮಠದಲ್ಲಿ ಅನ್ನ ಇತ್ತು. ನಮ್ಮ ಹುಡುಗಿಗೆ?" ಎಂದು ಕೇಳಿದರು.

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಸಿಸ್ಟರ್ ಕೆಲ್ಲರ್ ಐವತ್ತರಲ್ಲಿ ವಿದ್ಯಾರ್ಥಿನಿಯಾಗಲು ಸಾಧ್ಯವಾದದ್ದು ಅವರ ಬೆನ್ನಿಗೆ ಒಂದು ಸಭೆಯೇ ನಿಂತಿದ್ದರಿಂದ. ನಾವು ಧರ್ಮಕೇಂದ್ರದ ಮನೆಯಲ್ಲಿ ಕೂತು ಹಾಗೆ ಮಾಡಿ, ಹೀಗೆ ಮಾಡಿ ಎನ್ನುವುದು ಸುಲಭ. ಸಾಲದ ಕಂತು ಕಟ್ಟುವವರು ಅವರು. ತರಬೇತಿ ಕೇಂದ್ರಗಳೆಲ್ಲ ನಂಬಿಕೆಗೆ ಯೋಗ್ಯವೂ ಅಲ್ಲ. ಮುಂಗಡ ಶುಲ್ಕ ಪಡೆದು ಸರ್ಟಿಫಿಕೇಟ್ ಕೊಟ್ಟು ಕೈತೊಳೆದುಕೊಳ್ಳುವವರೂ ಇದ್ದಾರೆ. ಈಗಂತೂ ಪ್ರೋಗ್ರಾಮನ್ನು ಯಂತ್ರವೇ ಬರೆದುಕೊಡುತ್ತದೆಂದು ಆ ತಾಯಿಗೆ ಯಾರೋ ಹೇಳಿ ಹೆದರಿಸಿದ್ದರು. "ಬರೆಯುತ್ತದೆ ಅಮ್ಮ, ಆದರೆ ಅದು ತಪ್ಪು ಬರೆದಾಗ ಹಿಡಿಯುವವರು ಬೇಡವೇ?" ಎಂದಳು ಮಗಳು. ತಾಯಿ ಮಾತನಾಡಲಿಲ್ಲ.

ಕೊನೆಗೆ ಮೂವರೂ ಕೂತು ಕಾಗದದ ಮೇಲೆ ಲೆಕ್ಕ ಹಾಕಿದೆವು. ಒಡವೆ ಸಾಲ ತೀರಲು ಇನ್ನು ಹದಿನಾಲ್ಕು ಕಂತು. ಅಲ್ಲಿಯವರೆಗೆ ಪ್ರಯೋಗಾಲಯ ಬಿಡುವುದಿಲ್ಲ, ಶನಿವಾರ ಭಾನುವಾರ ಮಾತ್ರ ಪಾಠ ಹೇಳುತ್ತೇನೆ ಎಂದು ಮಗಳು ಒಪ್ಪಿದಳು. ಹದಿನೈದನೆಯ ತಿಂಗಳ ಬಗ್ಗೆ ತಾಯಿ ಇನ್ನೂ ಹೂಂ ಎಂದಿಲ್ಲ.

ಮೊನ್ನೆ ಸಂಜೆ ಅವಳು ಲ್ಯಾಪ್‌ಟಾಪ್ ಹಿಡಿದು ಬಂದಿದ್ದಳು. 1950ರ ದಶಕದ ರಿಜಿಸ್ಟರಿನಿಂದ ಆರಂಭಿಸಿ, ಕತ್ತಲಾಗುವಷ್ಟರಲ್ಲಿ ಅರುವತ್ತು ಹೆಸರು ಏರಿಸಿದ್ದಳು. ತಾಯಿ ಪಕ್ಕದಲ್ಲಿ ಕೂತು, ಮಾಸಿದ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿ ಹೇಳುತ್ತಿದ್ದರು. ಒಂದೇ ಊರಿನ, ಒಂದೇ ವರ್ಷದ ಇಬ್ಬರು ಅಂತೋಣಪ್ಪಂದಿರ ಬಳಿ ಬಂದು ಇಬ್ಬರೂ ನಿಂತರು. ಇವರು ಇಬ್ಬರೋ ಒಬ್ಬರೋ ಎಂದು ಮಗಳು ನಮ್ಮನ್ನು ಕೇಳಿದಳು. ನಾವು ಬಾಯಿ ತೆರೆಯುವ ಮೊದಲೇ ತಾಯಿ ಹೇಳಿದರು: "ತಡಿ, ಬರೀಬೇಡ. ನಾಳೆ ಪೂಜೆಗೆ ಅಜ್ಜಿ ಬರ್ತಾರೆ, ಅವರನ್ನ ಕೇಳೋಣ."