‘ಅದು ನಮ್ಮ ಬ್ರಾಂಚ್ ಅಲ್ಲ’ ಎನ್ನುವ ಮೊದಲು

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುವ ಮಾತೊಂದಿದೆ: ‘ಅದು ನಮ್ಮ ಬ್ರಾಂಚ್ ಅಲ್ಲ ಬಿಡೋ’. ಸಿವಿಲ್‌ನವರಿಗೆ ಪ್ರೋಗ್ರಾಮಿಂಗ್ ಬೇಡ, ಕಂಪ್ಯೂಟರ್ ಸೈನ್ಸ್‌ನವರಿಗೆ ವರ್ಕ್‌ಶಾಪ್ ಬೇಡ, ಯಾರಿಗೂ ನಾಲ್ಕು ಜನರ ಎದುರು ನಿಂತು ಮಾತನಾಡುವ ಕೆಲಸ ಬೇಡ. ಪ್ಲೇಸ್‌ಮೆಂಟ್ ಹತ್ತಿರ ಬಂದಾಗ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಮಾತು ಶುರುವಾಗುತ್ತದೆ: ‘ಬ್ರಾಂಚ್ ಗಿಂಚ್ ಎಲ್ಲ ಮರೆತುಬಿಡು, ಕೋಡಿಂಗ್ ಕಲಿ’. ಮೆಕ್ಯಾನಿಕಲ್ ವಿಭಾಗದ ಮೂರನೇ ವರ್ಷದಲ್ಲಿರುವ ನನಗೆ ಈ ಎರಡೂ ಸಲಹೆಗಳು ಬೇಕಾದಷ್ಟು ಸಿಕ್ಕಿವೆ. ಎರಡರಲ್ಲೂ ಅರ್ಧ ಸತ್ಯವಿದೆ ಎನ್ನುವುದು ನನ್ನ ಅನಿಸಿಕೆ. ಉಳಿದರ್ಧ ನನಗೆ ಸಿಕ್ಕಿದ್ದು ನಮ್ಮಲ್ಲಿ ಹೆಚ್ಚಿನವರು ನೋಡಿಯೂ ಇರದ ಒಂದು ಆಟದಲ್ಲಿ, ಆಸ್ಟ್ರೇಲಿಯಾದ ರಗ್ಬಿ ನಾಯಕ ಜಾನ್ ಈಲ್ಸ್ ಅವರ ಬದುಕಿನಲ್ಲಿ.

ಆಟದ ಪರಿಚಯ ಇಲ್ಲದವರಿಗಾಗಿ ಒಂದೆರಡು ಮಾತು. ರಗ್ಬಿಯಲ್ಲಿ ಎರಡು ಬಗೆ. ತಂಡಕ್ಕೆ 13 ಮಂದಿ ಆಡುವುದು ರಗ್ಬಿ ಲೀಗ್, 15 ಮಂದಿ ಆಡುವುದು ರಗ್ಬಿ ಯೂನಿಯನ್. ಈಲ್ಸ್ ಆಡಿದ್ದು ಯೂನಿಯನ್. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡಿ, ಎದುರಾಳಿಯ ಗೋಲು ಗೆರೆಯ ಆಚೆ ನೆಲಕ್ಕೆ ಒತ್ತಿದರೆ ಅದು ‘ಟ್ರೈ’. ಅದಕ್ಕೀಗ 5 ಅಂಕ. ಆಮೇಲೆ ಚೆಂಡನ್ನು ನೆಲದ ಮೇಲಿಟ್ಟು, ಎಚ್ ಆಕಾರದ ಕಂಬಗಳ ನಡುವೆ ಹೋಗುವಂತೆ ಒದ್ದರೆ ಇನ್ನೂ 2 ಅಂಕ. ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿಯನ್ನು ಹೀಗೆ ಒದ್ದು ಗೋಲು ಮಾಡಿದರೆ 3 ಅಂಕ. 15 ಮಂದಿಯಲ್ಲಿ ಎಂಟು ಮಂದಿ ಫಾರ್ವರ್ಡ್‌ಗಳು, ಏಳು ಮಂದಿ ಬ್ಯಾಕ್‌ಗಳು. ತಳ್ಳಾಟ, ಗುದ್ದಾಟ ಫಾರ್ವರ್ಡ್‌ಗಳ ಪಾಲು. ಓಟ, ಪಾಸ್, ಕಿಕ್ ಬಹುಮಟ್ಟಿಗೆ ಬ್ಯಾಕ್‌ಗಳ ಪಾಲು.

ಫಾರ್ವರ್ಡ್‌ಗಳಲ್ಲೇ ಅತಿ ಎತ್ತರದವರು ನಿಲ್ಲುವ ಜಾಗದ ಹೆಸರು ‘ಲಾಕ್’. ಚೆಂಡು ಅಂಕಣದ ಹೊರಗೆ ಹೋದಾಗ ಎರಡೂ ತಂಡದವರು ಸಾಲಾಗಿ ನಿಂತು, ಒಳಗೆ ಎಸೆದ ಚೆಂಡಿಗಾಗಿ ಮೇಲಕ್ಕೆ ಜಿಗಿಯುತ್ತಾರಲ್ಲ, ಆ ‘ಲೈನ್‌ಔಟ್’ನಲ್ಲಿ ಚೆಂಡು ಹಿಡಿಯುವುದು ಲಾಕ್‌ನ ಮುಖ್ಯ ಕೆಲಸ. ಉಳಿದಂತೆ ಸ್ಕ್ರಮ್‌ನಲ್ಲಿ ಹಿಂದಿನಿಂದ ಭುಜ ಕೊಟ್ಟು ತಳ್ಳಬೇಕು. ಆತ ಗೋಲಿಗೆ ಕಿಕ್ ಮಾಡಲಿ ಎಂದು ಯಾರೂ ನಿರೀಕ್ಷಿಸುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅದು ಅವನ ಬ್ರಾಂಚ್ ಅಲ್ಲ.

ಎರಡು ಮೀಟರ್ ಎತ್ತರದ ಈಲ್ಸ್ ಲಾಕ್ ಆಟಗಾರ. ಆದರೆ ಆಸ್ಟ್ರೇಲಿಯಾ ಪರ 86 ಟೆಸ್ಟ್‌ಗಳಲ್ಲಿ ಅವರು ಗಳಿಸಿದ ಅಂಕ 173. ಅದರಲ್ಲಿ ಬಹುಪಾಲು ಬಂದಿದ್ದು ಕಿಕ್‌ಗಳಿಂದ. ಅವರು ನಿವೃತ್ತರಾದಾಗ ಟೆಸ್ಟ್ ರಗ್ಬಿಯಲ್ಲಿ ಅಷ್ಟು ಅಂಕ ಗಳಿಸಿದ ಇನ್ನೊಬ್ಬ ಫಾರ್ವರ್ಡ್ ಇರಲಿಲ್ಲ.

ಈಲ್ಸ್ ಹುಟ್ಟಿದ್ದು 1970ರಲ್ಲಿ, ಬ್ರಿಸ್ಬೇನ್‌ನಲ್ಲಿ. ಓದಿದ್ದು ಅಲ್ಲಿನ ಮಾರಿಸ್ಟ್ ಕಾಲೇಜ್ ಆಶ್‌ಗ್ರೋವ್ ಎಂಬ ಶಾಲೆಯಲ್ಲಿ. ನಮ್ಮ ಬೌಲರ್‌ಗಳನ್ನು ಚೆನ್ನೈ ಟೆಸ್ಟ್‌ನಲ್ಲಿ ದಂಡಿಸಿದ ಮ್ಯಾಥ್ಯೂ ಹೇಡನ್ ಓದಿದ್ದೂ ಅದೇ ಶಾಲೆಯಲ್ಲಿ. ಮುಂದೆ ಈಲ್ಸ್ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿ ಪದವಿ ಪಡೆದರು. ಆಗ ರಗ್ಬಿ ಯೂನಿಯನ್ ಹವ್ಯಾಸಿಗಳ ಆಟವಾಗಿತ್ತು. ಆಡಿದ್ದಕ್ಕೆ ಸಂಬಳ ಕೊಡುವುದಕ್ಕೆ ನಿಯಮ ಒಪ್ಪಿದ್ದು 1995ರಲ್ಲಿ. ಹಾಗಾಗಿ ಓದು, ಆಟ ಎರಡನ್ನೂ ತೂಗಿಸಿಕೊಂಡು ಹೋಗಬೇಕಾದ ಪೀಳಿಗೆ ಅವರದು.

1991ರ ಜುಲೈನಲ್ಲಿ ಬ್ರಿಸ್ಬೇನ್‌ನಲ್ಲೇ ವೇಲ್ಸ್ ವಿರುದ್ಧ ಮೊದಲ ಟೆಸ್ಟ್. ಆಸ್ಟ್ರೇಲಿಯಾ 63–6ರಿಂದ ಗೆದ್ದಿತು. ಅದೇ ವರ್ಷ ನವೆಂಬರ್ 2ರಂದು ಲಂಡನ್ನಿನ ಟ್ವಿಕೆನಂ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ ವಿಶ್ವಕಪ್ ಫೈನಲ್. ಪಂದ್ಯದ ಕೊನೆಯ ಹಂತದಲ್ಲಿ ಇಂಗ್ಲೆಂಡ್‌ನ ರಾಬ್ ಆಂಡ್ರ್ಯೂ ಚೆಂಡು ಹಿಡಿದು ತಡೆಗೋಡೆಯನ್ನು ಸೀಳಿ ನುಗ್ಗಿದರು. ಅವರನ್ನು ಅಡ್ಡಲಾಗಿ ಓಡಿಬಂದು ಕೆಡವಿದ್ದು 21 ವರ್ಷದ ಈಲ್ಸ್. ಆಸ್ಟ್ರೇಲಿಯಾ 12–6ರಿಂದ ಕಪ್ ಗೆದ್ದಿತು. ಬ್ಯಾಕ್ ಆಟಗಾರನನ್ನು ಬೆನ್ನಟ್ಟಿ ಹಿಡಿಯುವುದನ್ನು ಲಾಕ್ ಒಬ್ಬನಿಂದ ಯಾರೂ ಬಯಸಿರಲಿಲ್ಲ. ಆ ಹೊತ್ತಿನಲ್ಲಿ ಅಲ್ಲಿಗೆ ತಲುಪಬಲ್ಲವರು ಅವರಾಗಿದ್ದರು, ತಲುಪಿದರು.

ಇಲ್ಲಿಂದ ಮುಂದೆ ಎಲ್ಲವೂ ಗೆಲುವೇ ಎಂದುಕೊಂಡರೆ ತಪ್ಪಾಗುತ್ತದೆ. 1993ರಲ್ಲಿ ಭುಜದ ಗಾಯ ಅವರನ್ನು ಬಹುಕಾಲ ಹೊರಗಿಟ್ಟಿತು. 1995ರ ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್‌ನಲ್ಲೇ ಆಸ್ಟ್ರೇಲಿಯಾ 22–25ರಿಂದ ಇಂಗ್ಲೆಂಡ್‌ಗೆ ಸೋತಿತು. ಕೊನೆಯ ಗಳಿಗೆಯಲ್ಲಿ ಡ್ರಾಪ್ ಗೋಲ್ ಹೊಡೆದು ಸೋಲಿಸಿದವರು ಅದೇ ರಾಬ್ ಆಂಡ್ರ್ಯೂ. 1996ರಲ್ಲಿ ಈಲ್ಸ್ ನಾಯಕರಾದರು. ಮರುವರ್ಷ ಪ್ರಿಟೋರಿಯಾದಲ್ಲಿ ದಕ್ಷಿಣ ಆಫ್ರಿಕಾ ಅವರ ತಂಡವನ್ನು 61–22ರಿಂದ ಬಗ್ಗುಬಡಿಯಿತು. ಕೋಚ್ ಬದಲಾದರು. ಹೊಸ ಕೋಚ್ ರಾಡ್ ಮೆಕ್ವೀನ್ ಜೊತೆ ಸೇರಿ ತಂಡವನ್ನು ಮತ್ತೆ ಕಟ್ಟಬೇಕಾಯಿತು. 1998ರಲ್ಲಿ ನ್ಯೂಜಿಲೆಂಡ್ ಎದುರಿನ ಮೂರೂ ಪಂದ್ಯಗಳನ್ನು ಗೆದ್ದರು.

1999ರಲ್ಲಿ ಮತ್ತೆ ಭುಜದ ತೊಂದರೆ. ಆ ಋತುವಿನ ಹೆಚ್ಚಿನ ಭಾಗ ಕಳೆದುಕೊಂಡ ಈಲ್ಸ್ ವಿಶ್ವಕಪ್ ಹೊತ್ತಿಗೆ ಮರಳಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ಸ್ಟೀಫನ್ ಲಾರ್ಕಮ್ ದೂರದಿಂದ ಹೊಡೆದ ಡ್ರಾಪ್ ಗೋಲ್ ಆಸ್ಟ್ರೇಲಿಯಾವನ್ನು ಮುಂದೆ ಮಾಡಿತು. ಟೆಸ್ಟ್‌ಗಳಲ್ಲಿ ಅದು ಅವರ ಮೊದಲ ಡ್ರಾಪ್ ಗೋಲ್. ಅದಕ್ಕೂ ಹಿಂದಿನ ವರ್ಷ ಮೆಕ್ವೀನ್ ಈ ಲಾರ್ಕಮ್‌ರನ್ನು ಫುಲ್‌ಬ್ಯಾಕ್ ಜಾಗದಿಂದ ತಂದು, ಆಟ ನಡೆಸುವ ಫ್ಲೈ-ಹಾಫ್ ಜಾಗದಲ್ಲಿ ನಿಲ್ಲಿಸಿದ್ದರು. ನವೆಂಬರ್ 6ರಂದು ಕಾರ್ಡಿಫ್‌ನ ಫೈನಲ್‌ನಲ್ಲಿ ಫ್ರಾನ್ಸ್ ಅನ್ನು 35–12ರಿಂದ ಸೋಲಿಸಿ ಈಲ್ಸ್ ಎರಡನೇ ಸಲ ವಿಶ್ವಕಪ್ ಗೆದ್ದರು, ಈ ಬಾರಿ ನಾಯಕರಾಗಿ.

ಆದರೆ ನಾನು ಯೂಟ್ಯೂಬ್‌ನಲ್ಲಿ ಮತ್ತೆ ಮತ್ತೆ ನೋಡುವುದು ವಿಶ್ವಕಪ್ ಗೆಲುವನ್ನಲ್ಲ, 2000ನೇ ಇಸವಿಯ ಒಂದು ಕಿಕ್ ಅನ್ನು. ಆ ವರ್ಷ ಜುಲೈನಲ್ಲಿ ಸಿಡ್ನಿಯಲ್ಲಿ 1,09,874 ಪ್ರೇಕ್ಷಕರ ಎದುರು ಆಸ್ಟ್ರೇಲಿಯಾ 35–39ರಿಂದ ನ್ಯೂಜಿಲೆಂಡ್‌ಗೆ ಸೋತಿತ್ತು. ಎರಡು ದೇಶಗಳ ನಡುವಿನ ಬ್ಲೆಡಿಸ್ಲೋ ಕಪ್ ಉಳಿಸಿಕೊಳ್ಳಬೇಕಾದರೆ ಆಗಸ್ಟ್ 5ರಂದು ವೆಲಿಂಗ್ಟನ್‌ನಲ್ಲಿ ಗೆಲ್ಲಲೇಬೇಕು. ಪಂದ್ಯದ ಕಟ್ಟಕಡೆಯ ಗಳಿಗೆಯಲ್ಲಿ ಆಸ್ಟ್ರೇಲಿಯಾ 21–23ರಿಂದ ಹಿಂದಿತ್ತು. ಆಗ ಒಂದು ಪೆನಾಲ್ಟಿ ಸಿಕ್ಕಿತು. ತಂಡದ ಗೋಲ್ ಕಿಕ್ಕರ್ ಸ್ಟರ್ಲಿಂಗ್ ಮೋರ್ಟ್‌ಲಾಕ್ ಅಷ್ಟರಲ್ಲಿ ಅಂಕಣದಿಂದ ಹೊರಗೆ ಹೋಗಿಯಾಗಿತ್ತು. ನಾಯಕನೇ ಚೆಂಡು ಇಟ್ಟರು. ಲಾಕ್ ಆಟಗಾರ, ಎಂಬತ್ತು ನಿಮಿಷ ತಳ್ಳಾಡಿ ಸೋತ ಕಾಲು, ಸುತ್ತ ಎದುರಾಳಿಯ ಊರಿನ ಜನ. ಚೆಂಡು ಕಂಬಗಳ ನಡುವೆ ಹೋಯಿತು. 24–23. ಕಪ್ ಉಳಿಯಿತು. ಆ ವರ್ಷ ಆಸ್ಟ್ರೇಲಿಯಾ ಮೊದಲ ಬಾರಿಗೆ ಟ್ರೈ ನೇಷನ್ಸ್ ಟೂರ್ನಿಯನ್ನೂ ಗೆದ್ದಿತು.

ಇದನ್ನು ನೋಡಿದವರು ‘ಎಂಥ ಧೈರ್ಯ’ ಎನ್ನುತ್ತಾರೆ. ಧೈರ್ಯ ಇತ್ತು, ನಿಜ. ಆದರೆ ಬರೀ ಧೈರ್ಯದಿಂದ ಚೆಂಡು ಕಂಬಗಳ ನಡುವೆ ಹೋಗುವುದಿಲ್ಲ. ನೆಲದ ಮೇಲಿಟ್ಟ ಚೆಂಡನ್ನು ಒದೆಯುವುದು ಹೆಜ್ಜೆ ಎಣಿಸಿ, ಪಾದದ ಕೋನ ಸರಿಮಾಡಿಕೊಂಡು, ಒಂದೇ ರೀತಿ ನೂರಾರು ಸಲ ಮಾಡಿ ಕಲಿಯುವ ಕೆಲಸ. ಈಲ್ಸ್ ಅದನ್ನು ವೆಲಿಂಗ್ಟನ್‌ನಲ್ಲಿ ಕಲಿಯಲಿಲ್ಲ. ವರ್ಷಗಳ ಹಿಂದೆಯೇ ಕಲಿತು, ಟೆಸ್ಟ್‌ಗಳಲ್ಲೇ ಕಿಕ್ ಮಾಡಿ, ಬೇರೆ ಕಿಕ್ಕರ್‌ಗಳು ಬಂದಾಗ ಪಕ್ಕಕ್ಕೆ ಸರಿದಿದ್ದರು. ಸರಿದರೂ ಕಲಿತದ್ದು ಅವರ ಕಾಲಿನಲ್ಲಿ ಉಳಿದಿತ್ತು.

‘ಹಾಗಾದರೆ ಎಲ್ಲವನ್ನೂ ಕಲಿಯಬೇಕು’ ಎಂದು ಇಲ್ಲಿಗೇ ನಿಲ್ಲಿಸುವವರಿದ್ದಾರೆ. ನನಗೆ ಭಿನ್ನಾಭಿಪ್ರಾಯ ಇರುವುದು ಅಲ್ಲೇ. ಈಲ್ಸ್ ಅವರನ್ನು ತಂಡಕ್ಕೆ ಆರಿಸಿದ್ದು ಕಿಕ್ ನೋಡಿ ಅಲ್ಲ. ಲೈನ್‌ಔಟ್‌ನಲ್ಲಿ ಅವರನ್ನು ಮೀರಿಸುವವರು ಆ ಕಾಲದಲ್ಲಿ ವಿರಳ. ಮೊದಲು ಆ ಕೆಲಸ, ಅದರ ಮೇಲೆ ಕಿಕ್. ಲೈನ್‌ಔಟ್ ಕೈಬಿಟ್ಟು ಕಿಕ್ಕರ್ ಆಗಲು ಹೊರಟಿದ್ದರೆ ಆಸ್ಟ್ರೇಲಿಯಾಕ್ಕೆ ಒಬ್ಬ ಸಾಧಾರಣ ಕಿಕ್ಕರ್ ಸಿಗುತ್ತಿದ್ದ, ಒಬ್ಬ ಅಪರೂಪದ ಲಾಕ್ ಕಳೆದುಹೋಗುತ್ತಿದ್ದ.

ನಮ್ಮಲ್ಲಿ ಇಂದು ಆಗುತ್ತಿರುವುದು ಆ ಎರಡನೆಯದೇ. ಐದನೇ ಸೆಮಿಸ್ಟರ್ ಬರುತ್ತಿದ್ದಂತೆ ಥರ್ಮೊಡೈನಮಿಕ್ಸ್ ಪುಸ್ತಕ ಮುಚ್ಚಿಟ್ಟು ಎಲ್ಲರೂ ಒಂದೇ ಆನ್‌ಲೈನ್ ಕೋರ್ಸ್‌ಗೆ ಸೇರುತ್ತೇವೆ. ವರ್ಷದ ಕೊನೆಗೆ ನಮ್ಮ ಬಳಿ ಕಂಪ್ಯೂಟರ್ ಸೈನ್ಸ್‌ನವರಿಗಿಂತ ಕಡಿಮೆ ಕೋಡಿಂಗ್, ಡಿಪ್ಲೊಮಾ ಮಾಡಿದವರಿಗಿಂತ ಕಡಿಮೆ ಮೆಕ್ಯಾನಿಕಲ್ ಉಳಿದಿರುತ್ತದೆ. ಇದಕ್ಕೆ ವಿದ್ಯಾರ್ಥಿಯೊಬ್ಬನನ್ನೇ ದೂರುವುದು ಸರಿಯಲ್ಲ. ಕೋರ್ ಕಂಪನಿಗಳು ಕ್ಯಾಂಪಸ್‌ಗೆ ಬರುವುದು ಕಡಿಮೆ, ಬಂದರೂ ತೆಗೆದುಕೊಳ್ಳುವವರ ಸಂಖ್ಯೆ ಬೆರಳೆಣಿಕೆ. ಮನೆಯಲ್ಲಿ ಶಿಕ್ಷಣ ಸಾಲದ ಕಂತು ಕಾಯುತ್ತಿರುವಾಗ ‘ನಿನ್ನ ವಿಷಯವನ್ನು ಪ್ರೀತಿಸು’ ಎಂದು ಉಪದೇಶ ಮಾಡುವುದು ಸುಲಭ, ಕೇಳಿಸಿಕೊಳ್ಳುವುದು ಕಷ್ಟ. ಸಿಕ್ಕ ಕೆಲಸಕ್ಕೆ ಸೇರುವುದು ತಪ್ಪೇನೂ ಅಲ್ಲ. ಆದರೆ ಎಲ್ಲರಂತೆ ಎಲ್ಲವನ್ನೂ ಮೇಲೆಮೇಲೆ ಕಲಿತವನಿಗೆ ಆ ಕೆಲಸ ಸಿಗುವುದೂ ಸುಲಭವಿಲ್ಲ ಎನ್ನುವುದನ್ನು ನಾವು ಈಗಲೇ ನೋಡುತ್ತಿದ್ದೇವೆ.

ನಮ್ಮ ಸೀನಿಯರ್ ಅಕ್ಕ ಒಬ್ಬರ ಉದಾಹರಣೆ ಹೇಳುತ್ತೇನೆ. ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ ಅವರ ಪಾಲಿಗಿದ್ದದ್ದು ಶಾಫ್ಟ್, ಬೇರಿಂಗ್‌ಗಳ ಲೆಕ್ಕಾಚಾರ. ಅದನ್ನು ಅಚ್ಚುಕಟ್ಟಾಗಿ ಮುಗಿಸಿದ ಮೇಲೆ, ಶನಿವಾರ ಸಂಜೆ ಇನ್ನೊಬ್ಬರ ಪಕ್ಕ ಕೂತು ಬೇರಿಂಗ್‌ನ ಕಂಪನ ಅಳೆಯುವ ಸೆನ್ಸರ್‌ಗೆ ವೈರಿಂಗ್ ಮಾಡುವುದನ್ನು, ಅದರ ಅಂಕಿಗಳನ್ನು ಪೈಥಾನ್‌ನಲ್ಲಿ ಓದುವುದನ್ನು ಕಲಿತರು. ಸಂದರ್ಶನದಲ್ಲಿ ಮೊದಲ ಇಪ್ಪತ್ತು ನಿಮಿಷ ಪ್ರಶ್ನೆ ಬಂದಿದ್ದು ಬೇರಿಂಗ್ ಬಗ್ಗೆಯೇ ಅಂತೆ. ಅದರಲ್ಲಿ ಗಟ್ಟಿ ಇದ್ದಾರೆ ಎಂದು ಖಾತ್ರಿಯಾದ ಮೇಲೆ ಸೆನ್ಸರ್ ಬಗ್ಗೆ ಕೇಳಿದರು. ಕೆಲಸ ಸಿಕ್ಕಿತು. ಅಕ್ಕ ಕಲಿತ ಎರಡನೇ ವಿದ್ಯೆ ಮೊದಲನೆಯದಕ್ಕೆ ಅಂಟಿಕೊಂಡೇ ಇತ್ತು ಎನ್ನುವುದನ್ನು ನಾನು ಗಮನಿಸಿದ್ದೇನೆ.

ಈ ವಿಷಯದಲ್ಲಿ ಕಾಲೇಜುಗಳ ಪಾಲೂ ಇದೆ. ಒಂದು ವಿಭಾಗದ ಲ್ಯಾಬ್‌ಗೆ ಇನ್ನೊಂದು ವಿಭಾಗದ ವಿದ್ಯಾರ್ಥಿ ಕಾಲಿಡಲು ಮೂರು ಸಹಿ ಬೇಕಾದರೆ ಯಾರು ತಾನೇ ಹೋಗುತ್ತಾರೆ? ವಾರಕ್ಕೆ ಒಂದು ಸಂಜೆ ಲ್ಯಾಬ್ ಬಾಗಿಲು ತೆರೆದಿಟ್ಟು, ಒಬ್ಬ ಇನ್‌ಸ್ಟ್ರಕ್ಟರ್ ಇದ್ದರೆ ಸಾಕು. ಮಿನಿ ಪ್ರಾಜೆಕ್ಟ್ ತಂಡದಲ್ಲಿ ಎರಡು ಬ್ರಾಂಚ್‌ನವರು ಇರಲು ಅವಕಾಶ ಕೊಟ್ಟರೆ ಇನ್ನೂ ಒಳ್ಳೆಯದು. ಮೋರ್ಟ್‌ಲಾಕ್‌ನಂಥ ಕಿಕ್ಕರ್ ಇದ್ದ ತಂಡದಲ್ಲೂ ಲಾಕ್ ಒಬ್ಬ ಕಿಕ್ ಮಾಡಬಲ್ಲವನಾಗಿದ್ದ. ‘ನಿನಗೇಕೆ ಅದು’ ಎಂದು ಅವನನ್ನು ಅಲ್ಲಿ ಯಾರೂ ತಡೆದಿರಲಿಲ್ಲ.

ಈಲ್ಸ್ ಅವರಿಗೆ ಜೊತೆ ಆಟಗಾರರು ಇಟ್ಟ ಅಡ್ಡಹೆಸರು ‘ನೋಬಡಿ’. ‘ನೋಬಡಿ ಈಸ್ ಪರ್ಫೆಕ್ಟ್’ ಎಂಬ ಇಂಗ್ಲಿಷ್ ಮಾತನ್ನು ತಿರುಚಿದ ತಮಾಷೆ ಅದು. ಪರಿಪೂರ್ಣ ಯಾರೂ ಇಲ್ಲ, ಹಾಗಾಗಿ ಪರಿಪೂರ್ಣನಾದ ಈಲ್ಸ್‌ಗೆ ‘ಯಾರೂ ಇಲ್ಲ’ ಎಂದೇ ಹೆಸರು. ಕೇಳಲು ಚೆನ್ನಾಗಿದೆ. ಆದರೆ ಎರಡು ಸಲ ಕೈಕೊಟ್ಟ ಭುಜ, ಪ್ರಿಟೋರಿಯಾದ ಆ 61 ಅಂಕ ನೋಡಿದರೆ ಪರಿಪೂರ್ಣತೆಯ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹಾಗೆ ಹೊಗಳಿ ದೂರ ಕೂರಿಸಿದರೆ ನಮ್ಮಂಥವರು ಅವರಿಂದ ಕಲಿಯುವುದು ಏನೂ ಉಳಿಯುವುದಿಲ್ಲ.

2001ರಲ್ಲಿ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ವಿರುದ್ಧ ಸರಣಿಯನ್ನು 2–1ರಿಂದ ಗೆದ್ದು, ಸೆಪ್ಟೆಂಬರ್ 1ರಂದು ಸಿಡ್ನಿಯಲ್ಲಿ ನ್ಯೂಜಿಲೆಂಡ್ ಎದುರು ಈಲ್ಸ್ ಕೊನೆಯ ಟೆಸ್ಟ್ ಆಡಿದರು. 29–26ರ ಗೆಲುವು. ಅಂದು ಗೆಲುವಿನ ಟ್ರೈ ಗಳಿಸಿದ್ದು ಟೌಟಾಯ್ ಕೆಫು. ಈಲ್ಸ್ ಆಡಿದ 86 ಟೆಸ್ಟ್‌ಗಳಲ್ಲಿ 55ಕ್ಕೆ ಅವರೇ ನಾಯಕ. ಮರುವರ್ಷದಿಂದ ಆಸ್ಟ್ರೇಲಿಯಾದ ವರ್ಷದ ಶ್ರೇಷ್ಠ ರಗ್ಬಿ ಆಟಗಾರನಿಗೆ ಕೊಡುವ ಪದಕಕ್ಕೆ ಅವರ ಹೆಸರನ್ನೇ ಇಟ್ಟರು.

ನಮಗೆ ಅಂಥ ಪದಕ ಬೇಕಿಲ್ಲ, ಒಂದು ಒಳ್ಳೆಯ ಕೆಲಸ ಬೇಕು. ಅದಕ್ಕಾಗಿ ನಾನು ಮಾಡಿಕೊಂಡಿರುವ ಲೆಕ್ಕ ಸರಳ. ಮೆಷಿನ್ ಡಿಸೈನ್‌ನಲ್ಲಿ ಯಾರು ಎಬ್ಬಿಸಿ ಕೇಳಿದರೂ ಉತ್ತರ ಬರುವಷ್ಟು ಓದುವುದು. ಅದರ ಪಕ್ಕದ ಒಂದೇ ಒಂದು ವಿದ್ಯೆಯನ್ನು ವಾರಕ್ಕೆ ಎರಡು ಗಂಟೆ, ಅಂಕವಿಲ್ಲದಿದ್ದರೂ, ಯಾರೂ ಕೇಳದಿದ್ದರೂ ಬಿಡದೆ ಕಲಿಯುವುದು. ನಾನು ಆರಿಸಿಕೊಂಡಿರುವುದು ಸೆನ್ಸರ್‌ಗಳನ್ನು. ನೀವು ಯಾವುದನ್ನಾದರೂ ಆರಿಸಿಕೊಳ್ಳಿ, ಈ ಸೆಮಿಸ್ಟರ್‌ನಲ್ಲೇ ಆರಿಸಿಕೊಳ್ಳಿ. ಪೆನಾಲ್ಟಿ ಸಿಕ್ಕ ಮೇಲೆ ಕಿಕ್ ಕಲಿಯಲು ಸಮಯ ಇರುವುದಿಲ್ಲ.