ಹಳದಿ ಪಿನ್ನು ಮತ್ತು ಅಜ್ಜಿಯ ಕಣ್ಣು

ಎಚ್‌ಡಿ ಟಿವಿ ಕೊಂಡ ಮಾತ್ರಕ್ಕೆ ಎಚ್‌ಡಿ ಚಿತ್ರ ಬರುವುದಿಲ್ಲ. ಚಾನೆಲ್ ಅಥವಾ ಡಿಸ್ಕ್, ಸೆಟ್‌ಟಾಪ್ ಬಾಕ್ಸ್ ಅಥವಾ ಪ್ಲೇಯರ್, ಕೇಬಲ್, ಟಿವಿಯ ಸೆಟ್ಟಿಂಗ್ – ಈ ನಾಲ್ಕರಲ್ಲಿ ಒಂದು ಕೈಕೊಟ್ಟರೂ ಉಳಿದ ಮೂರಕ್ಕೆ ಹಾಕಿದ ದುಡ್ಡು ದಂಡ.

ಪುಣೆಯಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರದ ಭೋರ್‌ನಲ್ಲಿ ನನಗೆ ಪರಿಚಯದ ಕನ್ನಡ ಮನೆಯೊಂದಿದೆ. ವಿಜಯಪುರದ ಕಡೆಯವರು. ಅಜ್ಜಿಗೆ ಮರಾಠಿ ಅಷ್ಟಕ್ಕಷ್ಟೆ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಅವರಿಗೆ ಕನ್ನಡ ಕೇಳಿಸುವುದು ಟಿವಿಯಿಂದಲೇ. "ಎಲ್ಲಾರೂ ಹಿಂಗ್ಯಾಕ ದಪ್ಪ ಆಗ್ಯಾರೋ ತಮ್ಮಾ? ಮಾರಿನೂ ಮಸುಕ ಕಾಣ್ತಾವ" ಎಂದರು. ಕಣ್ಣಿಗೆ ಪೊರೆ ಬಂದಿರಬೇಕು ಎಂದು ಮನೆಯವರು ತೀರ್ಮಾನಿಸಿಬಿಟ್ಟಿದ್ದರು. ಟಿವಿಯ ಹಿಂದೆ ನೋಡಿದರೆ, ಎಚ್‌ಡಿ ಬಾಕ್ಸಿಗೆ ಸಿಕ್ಕಿಸಿದ್ದು ಕೆಂಪು-ಬಿಳಿ-ಹಳದಿ ಪಿನ್ನಿನ ಹಳೇ ವೈರು!

ಲೆಕ್ಕ ನೋಡಿ. ಪೂರ್ಣ ಎಚ್‌ಡಿ ಚಿತ್ರದಲ್ಲಿ 1920×1080, ಅಂದರೆ ಸುಮಾರು 20.7 ಲಕ್ಷ ಚುಕ್ಕೆಗಳು. ಹಳದಿ ಪಿನ್ನಿನಲ್ಲಿ ಹೋಗುವುದು ಹಳೆಯ 576 ಗೆರೆಗಳ ಚಿತ್ರ. 720×576 ಎಂದು ಹಿಡಿದರೆ 4.15 ಲಕ್ಷದಷ್ಟೇ. ಐದರಲ್ಲಿ ನಾಲ್ಕು ಪಾಲು ದಾರಿಯಲ್ಲೇ ಸೋರಿಹೋಯಿತು.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಎಚ್‌ಡಿಎಂಐ ಕೇಬಲ್ ಹಾಕಿ. ಒಂದೆರಡು ಮೀಟರಿಗೆ ಸಾಧಾರಣ ಬೆಲೆಯದೇ ಸಾಕು. ಅದು ಡಿಜಿಟಲ್; ಕೇಬಲ್ ಕೆಟ್ಟರೆ ಚಿತ್ರ ಮಿನುಗುತ್ತದೆ, ಕಡಿಯುತ್ತದೆ. ದುಬಾರಿ ಕೇಬಲ್ಲಿನಿಂದ ಬಣ್ಣ ಹೆಚ್ಚು ಚೆಂದವಾಗುವುದಿಲ್ಲ. ಎರಡನೆಯದು, ಬಾಕ್ಸಿನ ಮೆನುವಿನಲ್ಲಿ ಔಟ್‌ಪುಟ್ 1080ಕ್ಕೆ ಇದೆಯೇ ನೋಡಿ. ಮೂರನೆಯದು, ಚಾನೆಲ್ಲಿನ ಎಚ್‌ಡಿ ನಂಬರನ್ನೇ ಒತ್ತಿ. ಸಾದಾ ಚಾನೆಲ್ ಯಾವ ಕೇಬಲ್ಲಿನಲ್ಲಿ ಬಂದರೂ ಸಾದಾವೇ.

ಹಳೆಯ ಸಿನಿಮಾಗಳು ಎಷ್ಟೋ 4:3 ಚೌಕಟ್ಟಿನವು. ಅವನ್ನು 16:9 ಪರದೆ ತುಂಬ ಎಳೆದರೆ ಮುಖಗಳು ಮೂರನೇ ಒಂದರಷ್ಟು ಅಗಲವಾಗುತ್ತವೆ. ಎರಡೂ ಪಕ್ಕ ಕಪ್ಪು ಪಟ್ಟಿ ಕಂಡರೆ ಬೈದುಕೊಳ್ಳಬೇಡಿ, ಅದೇ ಸರಿ.

ಇನ್ನು ಚಿತ್ರ ಚೆನ್ನಾಗಿದೆಯೋ ಇಲ್ಲವೋ ಅಳೆಯುವುದು. ಅಂಗಡಿಯಲ್ಲಿ ಕಣ್ಣು ಕುಕ್ಕುವ 'ವಿವಿಡ್' ಬಿಟ್ಟು 'ಸಿನಿಮಾ' ಮೋಡ್ ಹಾಕಿ. ಶಾರ್ಪ್‌ನೆಸ್ ಇಳಿಸಿ, ಅಕ್ಷರಗಳ ಸುತ್ತ ಬಿಳಿ ಅಂಚು ಕಂಡರೆ ಅದು ಜಾಸ್ತಿಯಾಗಿದೆ ಎಂದರ್ಥ. ಬಿಳಿ ಪಂಚೆಯ ನೆರಿಗೆ, ಕಪ್ಪು ಕೂದಲಿನ ಎಳೆ ಎರಡೂ ಕಾಣಬೇಕು. ಕಪ್ಪು-ಬಿಳುಪು ಚಿತ್ರವೊಂದನ್ನು ಹಾಕಿ. ಬೂದು ಬಣ್ಣಕ್ಕೆ ನೀಲಿ ಛಾಯೆ ಬಂದಿದ್ದರೆ ಕಲರ್ ಟೆಂಪರೇಚರ್ ಅನ್ನು 'ವಾರ್ಮ್' ಕಡೆ ತಿರುಗಿಸಿ. ಫಿಲ್ಮಿನ ಸಣ್ಣ ಕಾಳು ದೋಷವಲ್ಲ, ಅದನ್ನು ಒರೆಸಲು ಹೋದರೆ ಮುಖ ಮೇಣದ ಗೊಂಬೆಯಾಗುತ್ತದೆ.

ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' 4ಕೆಯಲ್ಲಿ ಹೊಸ ಜೀವ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಅಷ್ಟು ಶ್ರಮದಿಂದ ಉಳಿಸಿದ ಬೆಳಕು-ನೆರಳು ನಮ್ಮ ಮನೆಯ ಪರದೆಯಲ್ಲಿ ಹಾಳಾಗಬಾರದು.

ಊರಿಂದ ದೂರವಿರುವ ನಮ್ಮ ಹಿರಿಯರಿಗೆ ಟಿವಿಯೂ ಒಂದು ನೆರೆಮನೆ. ಅವರು ಮಸುಕು ಎಂದರೆ ಕಣ್ಣು ಪರೀಕ್ಷೆ ಮಾಡಿಸಿ, ಬೇಡವೆನ್ನುವುದಿಲ್ಲ. ಜೊತೆಗೆ ಟಿವಿಯ ಬೆನ್ನನ್ನೂ ಒಮ್ಮೆ ತಿರುಗಿಸಿ ನೋಡಿ.